ನಾಲ್ಕನೇ ನಂಬರಿನ ಐದನೇ ಫೌಲ್

ಕಾದ ಸಿಮೆಂಟಿನ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ವಾಸನೆ ಎಲ್ಲರಿಗೂ ಮೊದಲ ಮಳೆಯನ್ನು ನೆನಪಿಸುತ್ತದಂತೆ. ನನಗೆ ಅದು ಬ್ಯಾಸ್ಕೆಟ್‌ಬಾಲ್ ಅಂಗಳದ ವಾಸನೆ. ಜೊತೆಗೆ ಸವೆದ ರಬ್ಬರಿನ ಘಾಟು ಸೇರಬೇಕು, ಆಗ ಪೂರ್ತಿಯಾಗುತ್ತದೆ. ಹೋದ ತಿಂಗಳು ಮಿಯಾಪುರದಲ್ಲಿ ಗೆಳತಿಯ ಮಗಳ ಗೃಹಪ್ರವೇಶಕ್ಕೆ ಹೋಗಿದ್ದೆ. ಹೋಳಿಗೆ ಊಟ ಮುಗಿಸಿ ಬಾಲ್ಕನಿಗೆ ಬಂದು ನಿಂತರೆ ಕೆಳಗಿನಿಂದ ಅದೇ ವಾಸನೆ ಬಂತು. ಬಗ್ಗಿ ನೋಡಿದೆ. ಅಪಾರ್ಟ್‌ಮೆಂಟಿನ ಹದಿನೈದಿಪ್ಪತ್ತು ಮಕ್ಕಳು ಚೆಂಡು ಬಡಿಯುತ್ತಿದ್ದರು. ನಡುವೆ ಕೊರಳಿಗೆ ಸೀಟಿ ಹಾಕಿಕೊಂಡ ಹೆಂಗಸೊಬ್ಬಳು ಮೊಣಕಾಲು ಮಡಿಸಿ, ಎಡಗೈ ಚಾಚಿ, ಎದುರಾಳಿಯ ಚೆಂಡು ಕಸಿಯುವುದು ಹೇಗೆಂದು ತೋರಿಸುತ್ತಿದ್ದಳು. ಆ ಎಡಗೈ ಯಾರದೆಂದು ನನಗೆ ಮುಖ ನೋಡದೆಯೇ ತಿಳಿಯಿತು. ಶರಣಮ್ಮ. ನಾನು ತಟ್ಟನೆ ಹಿಂದೆ ಸರಿದು ಗೋಡೆಯ ಮರೆಗೆ ನಿಂತೆ. ನಿವೃತ್ತಿಗೆ ಎರಡು ವರ್ಷ ಉಳಿದಿರುವ ಪಿ.ಟಿ. ಟೀಚರು, ಎರಡು ಮೊಮ್ಮಕ್ಕಳ ಅಜ್ಜಿ, ಪರರ ಮನೆಯ ಬಾಲ್ಕನಿಯಲ್ಲಿ ಕದ್ದು ನಿಂತಿದ್ದೆ.

ಅವಳನ್ನು ನಾನು ಕೊನೆಗೆ ಹತ್ತಿರದಿಂದ ಕಂಡದ್ದು ಒಂದು ಬೇಸಿಗೆಯಲ್ಲಿ. ತೆಲಂಗಾಣ ಹೊಸ ರಾಜ್ಯವಾಗಿ ಇನ್ನೂ ಬಹಳ ದಿನ ಆಗಿರಲಿಲ್ಲ. ಆ ವರ್ಷ ನಮ್ಮ ಮಹಿಳಾ ರಾಷ್ಟ್ರೀಯ ತಂಡದ ಶಿಬಿರ ಹೈದರಾಬಾದಿಗೆ ಬಂತು. ದೇಶದ ಮೂಲೆ ಮೂಲೆಯಿಂದ ಇಪ್ಪತ್ತು ಹುಡುಗಿಯರು ಬಂದಿದ್ದರು. ಏಷ್ಯಾದ ಕೂಟಕ್ಕೆ ಹೋಗುವವರು ಹನ್ನೆರಡು ಜನ ಮಾತ್ರ. ಈ ತಂಡದ ಅಂತರರಾಷ್ಟ್ರೀಯ ದಾಖಲೆಯನ್ನು ನಾನು ಬಾಯಿಪಾಠ ಮಾಡಿಕೊಂಡವಳು. ಅದು ಎದೆ ತಟ್ಟಿ ಹೇಳುವಂಥದ್ದೇನಲ್ಲ. ಕಷ್ಟಪಟ್ಟು ಮೇಲಿನ ವಿಭಾಗಕ್ಕೆ ಏರುವುದು, ಅಲ್ಲಿ ಆರಡಿ ದಾಟಿದ ಹುಡುಗಿಯರ ತಂಡಗಳ ಕೈಲಿ ಚೆನ್ನಾಗಿ ಪೆಟ್ಟು ತಿಂದು ಕೆಳಗಿಳಿಯುವುದು, ಮತ್ತೆ ಏರಲು ನೋಡುವುದು. ಪತ್ರಿಕೆಯ ಆಟದ ಪುಟದಲ್ಲಿ ಕ್ರಿಕೆಟ್ಟಿಗನ ಮದುವೆ ಸುದ್ದಿಯ ಕೆಳಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಆದರೂ ಆ ಹನ್ನೆರಡರಲ್ಲಿ ಒಂದು ಹೆಸರಾಗಲು ಹುಡುಗಿಯರು ಪ್ರಾಣ ಬಿಡುತ್ತಿದ್ದರು. ನಾನೂ ಒಂದು ಕಾಲದಲ್ಲಿ ಬಿಟ್ಟವಳೇ. ನನ್ನ ಗಿಡ್ಡತನ ನನ್ನನ್ನು ವಿಶ್ವವಿದ್ಯಾಲಯದ ತಂಡದಿಂದ ಮುಂದೆ ಬಿಡಲಿಲ್ಲ.

ಕಲಬುರಗಿಯಿಂದ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಾರಾಯಣಗೂಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಆಟದ ಹುಚ್ಚು ಬಿಡದೆ, ಪಂದ್ಯಗಳಲ್ಲಿ ಅಂಕ ಬರೆಯುವ ಮೇಜಿಗೆ ಕೂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನೀನು ಆ ನೆಲ ಅಳೆಯುವುದಕ್ಕೇ ಕೂತೆಯಲ್ಲ ಎಂದು ನನ್ನ ಗಂಡ ನಗುತ್ತಿದ್ದರು. ನಗಲಿ. ನನ್ನ ಹಾಳೆಯಲ್ಲಿ ಒಂದೂ ಚಿತ್ತು ಕಾಟು ಇರುತ್ತಿರಲಿಲ್ಲ. ಮೇಡಂ ಕೂತಿದ್ದರೆ ಕಣ್ಣು ಮುಚ್ಚಿ ಸಹಿ ಹಾಕಬಹುದು ಎಂದು ರೆಫರಿಗಳು ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ನನ್ನ ತಲೆಯೂ ಸ್ವಲ್ಪ ತಿರುಗಿತ್ತು. ಆ ವರ್ಷ ಅಂತರರಾಷ್ಟ್ರೀಯ ಪಂದ್ಯಗಳ ಮೇಜಿಗೆ ನನ್ನ ಹೆಸರು ಶಿಫಾರಸಾಗುವುದಿತ್ತು. ಶಿಬಿರದ ಮುಖ್ಯ ರೆಫರಿ ಒಂದು ಪತ್ರ ಬರೆದರೆ ಸಾಕಿತ್ತು.

ಆ ಮೇ ತಿಂಗಳ ಬಿಸಿಲು ಹೇಳಬಾರದು. ಒಳಾಂಗಣದ ತಗಡಿನ ಮಾಡು ಹತ್ತು ಗಂಟೆಗೇ ಕಾದು, ಒಳಗೆ ನಾಲ್ಕು ದೊಡ್ಡ ಕೂಲರುಗಳು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಊದುತ್ತಿದ್ದವು. ಹುಡುಗಿಯರ ಬೆವರು ಮರದ ನೆಲಕ್ಕೆ ತೊಟ್ಟಿಕ್ಕಿ, ಪ್ರತಿ ಐದು ನಿಮಿಷಕ್ಕೊಮ್ಮೆ ಯಾರಾದರೂ ಬಟ್ಟೆ ಹಿಡಿದು ಒರೆಸಬೇಕಾಗುತ್ತಿತ್ತು. ಇಪ್ಪತ್ತು ಜನರಲ್ಲಿ ಎಲ್ಲರಿಗಿಂತ ಗಿಡ್ಡನೆಯವಳು ಶರಣಮ್ಮ. ಯಾದಗಿರಿ ಕಡೆಯವಳು. ತಂದೆ ಗೋಡೆ ಕಟ್ಟುವ ಗವಂಡಿ, ತಾಯಿ ದೇವಮ್ಮ ಇಟ್ಟಿಗೆ ಹೊರುವವಳು; ಮಿಯಾಪುರದಲ್ಲಿ ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಬುಡದಲ್ಲೇ ತಗಡಿನ ಶೆಡ್ಡಿನಲ್ಲಿ ಅವರ ಸಂಸಾರ. ಹುಡುಗಿ ಸನತ್‌ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಶಾಲೆ ಕಲಿತಳು. ಅಲ್ಲಿ ಕಾರ್ಮಿಕರ ಕ್ವಾರ್ಟರ್ಸಿನ ನಡುವಿದ್ದ ಸಿಮೆಂಟಿನ ಅಂಗಳದಲ್ಲಿ ಫ್ಯಾಕ್ಟರಿಯ ಒಬ್ಬ ಮುದಿ ಫಿಟ್ಟರು ಮಕ್ಕಳಿಗೆ ಆಟ ಕಲಿಸುತ್ತಿದ್ದ. ಅವಳು ಕಲಿತದ್ದು ಅವನ ಬಳಿ.

ಆ ಫಿಟ್ಟರು ಅವಳಿಗೊಂದು ಹಳೆಯ ಪದ್ಧತಿ ಹಚ್ಚಿಕೊಟ್ಟಿದ್ದ. ಫೌಲ್ ಮಾಡಿದವರು ತಾವೇ ಕೈ ಎತ್ತಬೇಕು, ರೆಫರಿ ಹುಡುಕುವಂತಾಗಬಾರದು ಎಂದು. ಹಿಂದೆ ಎಲ್ಲರೂ ಹೀಗೆ ಮಾಡುತ್ತಿದ್ದರು, ಈಗ ಯಾರೂ ಮಾಡುವುದಿಲ್ಲ. ಶರಣು ಮಾತ್ರ ಸೀಟಿ ಊದುವ ಮೊದಲೇ ಶಾಲೆಯ ಹಾಜರಿಗೆ ಎತ್ತಿದ ಹಾಗೆ ಕೈ ಎತ್ತಿಬಿಡುತ್ತಿದ್ದಳು. ಉಳಿದ ಹುಡುಗಿಯರು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆದರೆ ಚೆಂಡು ಅವಳ ಕೈಗೆ ಬಂದರೆ ಯಾರೂ ನಗುತ್ತಿರಲಿಲ್ಲ. ಇಬ್ಬರು ಮೂವರು ಮುತ್ತಿದರೂ ಅವರ ಸಂದಿಯಲ್ಲಿ ನುಸುಳಿ ಚೆಂಡನ್ನು ಆಚೆಗೆ ಒಯ್ಯುತ್ತಿದ್ದಳು.

ಊಟದ ಹೊತ್ತಿನಲ್ಲಿ ಅವಳು ನನ್ನ ಪಕ್ಕಕ್ಕೇ ಬಂದು ಕೂರುತ್ತಿದ್ದಳು. ಇಡೀ ಶಿಬಿರದಲ್ಲಿ ಕನ್ನಡ ಆಡುವವರು ನಾವಿಬ್ಬರೇ. ದಿನವೆಲ್ಲ ಹಿಂದಿ, ತೆಲುಗು ಆಡಿ ನಾಲಿಗೆ ದಣೀತದರೀ ಅಕ್ಕೋರೆ ಎನ್ನುತ್ತಿದ್ದಳು. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುವುದು ರೂಢಿ. ಹೈದರಾಬಾದಿಗೆ ಬಂದ ಮೇಲೆ ನನ್ನನ್ನು ಮೊದಲು ಹಾಗೆ ಕರೆದವಳು ಅವಳೇ.

ಶಿಬಿರದ ಕೊನೆಯ ದಿನ ಆಯ್ಕೆಯ ಪಂದ್ಯ. ಹುಡುಗಿಯರನ್ನು ಬಿಳಿ, ನೀಲಿ ಎಂದು ಎರಡು ತಂಡ ಮಾಡಿದ್ದರು. ಶರಣು ಬಿಳಿ ತಂಡದ ನಾಲ್ಕನೇ ನಂಬರು. ಆಯ್ಕೆಗಾರರು ಮೂವರು ಮೇಲೆ ಕೂತಿದ್ದರು. ಕೊನೆಯ ನಿಮಿಷಗಳಲ್ಲಿ ನೀಲಿ ತಂಡ ಅಂಗಳದ ತುಂಬ ಮುತ್ತಿಗೆ ಹಾಕಿ ಆಡುತ್ತದೆ, ಆಗ ಚೆಂಡನ್ನು ಯಾರು ದಾಟಿಸುತ್ತಾರೋ ನೋಡೋಣ ಎಂದು ಕೋಚ್ ಮೊದಲೇ ಹೇಳಿದ್ದರು. ಅದು ಶರಣುವಿಗೆಂದೇ ಇಟ್ಟ ಪರೀಕ್ಷೆಯಂತಿತ್ತು. ದೇವಮ್ಮ ಅರ್ಧ ದಿನ ಕೆಲಸ ಬಿಟ್ಟು ಬಂದು ಕೆಳಗಿನ ಮೆಟ್ಟಿಲ ಮೇಲೆ ತಲೆತುಂಬ ಸೆರಗು ಹೊದ್ದು ಕೂತಿದ್ದಳು. ಮಗಳ ಆಟ ನೋಡಲು ಬಂದದ್ದು ಅದೇ ಮೊದಲು.

ಫೌಲ್ ಆದಾಗ ರೆಫರಿ ನಮ್ಮ ಮೇಜಿನ ಎದುರಿಗೆ ನಿಂತು ನಂಬರನ್ನು ಬೆರಳಲ್ಲಿ ತೋರಿಸುತ್ತಾನೆ. ನಾಲ್ಕಕ್ಕೆ ನಾಲ್ಕು ಬೆರಳು. ಹದಿನಾಲ್ಕಕ್ಕೆ ಬಲಗೈ ಮುಷ್ಟಿ ಹತ್ತು, ಎಡಗೈಯ ಬೆರಳು ನಾಲ್ಕು. ಎರಡೂ ಕೈ ನೋಡಿಯೇ ಬರೆಯಬೇಕು ಎನ್ನುವುದು ಮೇಜಿಗೆ ಕೂತವರ ಮೊದಲ ಪಾಠ. ನಾನೇ ಎಷ್ಟೋ ಜನಕ್ಕೆ ಕಲಿಸಿದ ಪಾಠ. ಅಂದು ಬೆಳಿಗ್ಗೆ ಮೇಜಿನಲ್ಲಿ ಪಂದ್ಯದ ಗಡಿಯಾರ ನೋಡಿಕೊಳ್ಳುವ ಹುಡುಗಿ ಒಂದು ಗಳಿಗೆ ತಡಮಾಡಿದಳೆಂದು ನಾಲ್ಕು ಜನರ ಮುಂದೆ ಅವಳ ನೀರಿಳಿಸಿದ್ದೆ.

ಇನ್ನು ನಾಲ್ಕು ನಿಮಿಷ ಇರುವಾಗ ಬಿಳಿ ತಂಡದವರು ಯಾರೋ ನೀಲಿ ಹುಡುಗಿಯನ್ನು ತಳ್ಳಿದರು. ಸೀಟಿ ಕೂಗಿತು. ನಾನು ತಲೆ ತಗ್ಗಿಸಿ ಹಿಂದಿನ ಎರಡು ಅಂಕ ಬರೆಯುತ್ತಿದ್ದೆ. ಕತ್ತೆತ್ತಿದಾಗ ರೆಫರಿಯ ನಾಲ್ಕು ಬೆರಳು ಕಂಡವು, ಅವನು ಆಗಲೇ ತಿರುಗುತ್ತಿದ್ದ. ಇನ್ನೊಮ್ಮೆ ತೋರಿಸು ಎನ್ನಬಹುದಿತ್ತು. ಅನ್ನಲಿಲ್ಲ. ಮೇಡಂ ಇನ್ನೊಮ್ಮೆ ಕೇಳುವುದುಂಟೇ? ಸಿಮೆಂಟಿನ ಅಂಗಳದಲ್ಲಿ ಕಲಿತ ಹುಡುಗಿ, ಒರಟು, ತಳ್ಳಿದವಳು ಅವಳೇ ಇರಬೇಕು ಎಂದು ನನ್ನ ಮನಸ್ಸು ತಾನೇ ತೀರ್ಮಾನಿಸಿತು. ಅವಳಿಗೆ ಆಗಲೇ ನಾಲ್ಕು ಫೌಲ್ ಆಗಿದ್ದವು; ನಾಲ್ಕನೇ ನಂಬರಿನ ಮುಂದೆ ಐದನೇ ಗುರುತು ಹಾಕಿದೆ. ಐದಾದರೆ ಹೊರಗೆ. ಸೀಟಿ ಊದಿದ ರೆಫರಿ ಆಚೆ ತುದಿಯಲ್ಲಿ ಫ್ರೀ ಥ್ರೋಗೆ ಹುಡುಗಿಯರನ್ನು ನಿಲ್ಲಿಸುತ್ತಿದ್ದ. ಮೇಜಿಗೆ ಬಂದು ವಿಷಯ ಕೇಳಿದವನು ಇನ್ನೊಬ್ಬ. ಅವನು ಶರಣುವಿಗೆ ಹೊರಗೆ ಹೋಗು ಎಂದು ಕೈ ತೋರಿಸಿದ.

ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ತುಟಿ ಅಲ್ಲಾಡಿಸಿ ಏನೋ ಎಣಿಸಿದಳು. ಆಯ್ಕೆಗಾರರ ಮುಂದೆ ವಾದ ಮಾಡಿದರೆ ನಡತೆಯ ಮೇಲೆ ಗೆರೆ ಬೀಳುತ್ತದೆ ಎಂದು ಶಿಬಿರದಲ್ಲಿ ಎಲ್ಲರಿಗೂ ಹೇಳಿಕೊಟ್ಟಿದ್ದರು. ಅವಳು ಬಾಯಿ ಬಿಡದೆ ಹೋಗಿ ಬೆಂಚಿನ ಮೇಲೆ ಕೂತಳು. ಬೇರೆ ಹುಡುಗಿ ಅವಳ ಜಾಗಕ್ಕೆ ಬಂದಳು. ಹದಿನಾಲ್ಕನೇ ನಂಬರಿನ ಎತ್ತರದ ಹುಡುಗಿ ಎಲ್ಲೋ ನೋಡುತ್ತ ಜಡೆ ಬಿಗಿದುಕೊಂಡಳು.

ಪಂದ್ಯ ಮುಗಿದು ರೆಫರಿಗಳು ಸಹಿ ಹಾಕಿದ ಮೇಲೆ ದೇವಮ್ಮ ಮೇಜಿನ ಹತ್ತಿರ ಬಂದಳು. ಆಟದ ತಲೆಬುಡ ಅವಳಿಗೆ ತಿಳಿಯದು. ಅವಳು ನೋಡಿದ್ದು ಮಗಳ ಕೈ ಒಂದನ್ನೇ. ಹೆಬ್ಬೆರಳನ್ನು ಕಿರುಬೆರಳಿನ ಗೆರೆಯ ಮೇಲೆ ಇನ್ನೂ ಒತ್ತಿ ಹಿಡಿದಿದ್ದಳು, ಇಟ್ಟಿಗೆ ಬುಟ್ಟಿ ಎಣಿಸುವವರು ಹಿಡಿಯುವಂತೆ.

"ಅಕ್ಕೋರೆ, ನನ್ನ ಮಗಳು ನಾಕ್ ಸಲ ಕೈ ಎತ್ಯಾಳ್ರಿ. ನಾ ಎಣಿಸೀನಿ. ಐದು ಹ್ಯಾಂಗಾದ್ವು?" ಎಂದಳು.

ಪಕ್ಕದಲ್ಲಿ ಮುಖ್ಯ ರೆಫರಿ ನಿಂತಿದ್ದರು. ಅವರಿಗೆ ಕನ್ನಡ ಬಾರದು, ಆದರೂ ನನಗೆ ಮುಖ ಬಿಸಿಯಾಯಿತು. "ಇದು ಇಟ್ಟಂಗಿ ಎಣಿಸಿದಂಗ ಅಲ್ಲವ್ವ. ಆಟದ ಲೆಕ್ಕ ಬ್ಯಾರೇನ ಇರ್ತೈತಿ" ಎಂದೆ. ಹಂಗೇನ್ರಿ ಎಂದು ಅವಳು ಕೈ ಸೆರಗಿನೊಳಗೆ ಎಳೆದುಕೊಂಡು ಹೋದಳು.

ಅಷ್ಟೇ ಆಗಿದ್ದರೆ ಕಣ್ತಪ್ಪು ಎಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಯಾರು ಎಷ್ಟು ಚೆಂಡು ಹಿಡಿದರು, ಎಷ್ಟು ಕಳೆದರು ಎಂದು ಪಟ್ಟಿ ಮಾಡಿಕೊಡಿ ಎಂದು ಕೋಚ್ ಪಂದ್ಯದ ವಿಡಿಯೋ ಕೊಟ್ಟಿದ್ದರು. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತ ನೋಡಲು ಕೂತೆ. ಆ ಜಾಗ ಬಂತು. ರೆಫರಿಯ ಬಲಗೈ ಎದೆಯ ಮುಂದೆ ಮುಷ್ಟಿಯಾಗಿತ್ತು. ಸ್ಪಷ್ಟವಾಗಿ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹದಿನಾಲ್ಕು. ತಳ್ಳಿದವಳೂ ಆ ಎತ್ತರದ ಹುಡುಗಿಯೇ. ಶರಣು ಎರಡು ಮಾರು ದೂರದಲ್ಲಿ ಕೈ ಕೆಳಗೆ ಬಿಟ್ಟು ನಿಂತಿದ್ದಳು.

ಆರು ಸಲ ನೋಡಿದೆ. ಚಹಾ ಆರಿಹೋಯಿತು. ಆಯ್ಕೆಯಾದವರ ಪಟ್ಟಿ ಓದುವುದು ಮರುದಿನ ಹತ್ತು ಗಂಟೆಗೆ. ಫೋನು ಕೈಯಲ್ಲೇ ಇತ್ತು. ಕೋಚಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು; ಬೆಳಿಗ್ಗೆ ಐದು ನಿಮಿಷ ಅವಳನ್ನು ಆಡಿಸಿ ನೋಡುತ್ತಿದ್ದರು, ಇಲ್ಲವೇ ವಿಡಿಯೋ ನೋಡಿ ಮನಸ್ಸು ಬದಲಿಸುತ್ತಿದ್ದರು. ನಾನು ಹೇಳಲಿಲ್ಲ. ಬೆಳಿಗ್ಗೆ ಬೈಸಿಕೊಂಡ ಆ ಗಡಿಯಾರದ ಹುಡುಗಿಯ ಮುಖ ಕಣ್ಣ ಮುಂದೆ ಬಂತು. ಶಿಫಾರಸಿನ ಪತ್ರವೂ ನೆನಪಾಯಿತು. ಶರಣುವಿಗೆ ಇನ್ನೂ ಹತ್ತೊಂಬತ್ತು, ಮುಂದಿನ ವರ್ಷ ಹೇಗೂ ಹೋಗುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೋಚಿಗೆ ಚೆಂಡುಗಳ ಪಟ್ಟಿ ಕಳಿಸಿ, ವಿಡಿಯೋ ಅಳಿಸಿದೆ. ಕೋಚ್ ಬಳಿ ಇನ್ನೊಂದು ಪ್ರತಿ ಇತ್ತು, ಆದರೆ ಅವರು ರೆಫರಿಯ ಕೈ ಮುಷ್ಟಿಯಾಗಿತ್ತೇ ಎಂದೇಕೆ ನೋಡುತ್ತಾರೆ?

ಮರುದಿನ ಹನ್ನೆರಡು ಹೆಸರು ಓದಿದರು. ಶರಣಮ್ಮನ ಹೆಸರಿರಲಿಲ್ಲ. ಆಟ ಇದೆ, ಹತೋಟಿ ಇಲ್ಲ, ಬೇಕಾದ ಹೊತ್ತಿಗೆ ಹೊರಗೆ ಕೂತಿರುತ್ತಾಳೆ ಎಂದು ಆಯ್ಕೆಗಾರರು ಹೇಳಿದರಂತೆ. ಅವಳು ಅಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟವಳನ್ನು ನಾನೇ ತಡೆದು ಎದುರಿನ ಟಿಫಿನ್ ಸೆಂಟರಿಗೆ ಕರೆದುಕೊಂಡು ಹೋದೆ. ಉಪ್ಪಿಟ್ಟು, ಪೆಸರಟ್ಟು ತಿನ್ನಿಸಿದೆ. ಯಾಕೆ ಕರೆದುಕೊಂಡು ಹೋದೆ? ಅವಳ ಹೊಟ್ಟೆ ತುಂಬಿಸಿದರೆ ನನ್ನ ಹೊಟ್ಟೆಯೊಳಗಿನ ಸಂಕಟ ಇಳಿಯುತ್ತದೆ ಅಂದುಕೊಂಡಿದ್ದೆ. ಅಷ್ಟಕ್ಕೇ ಸುಮ್ಮನಿರದೆ ಬುದ್ಧಿ ಬೇರೆ ಹೇಳಿದೆ.

"ಇನ್ನ ಮ್ಯಾಲ ಫೌಲ್ ಎಣಿಸ್ಕೋತ ಆಡಬೇಕವ್ವ ಶರಣು. ಮೂರಾದ ಕೂಡ್ಲೆ ಕೈ ಹಿಂದಕ್ಕ ತಗೋಬೇಕು."

ಅವಳು ತಟ್ಟೆ ನೋಡುತ್ತ ತಲೆಯಾಡಿಸಿದಳು. ಎಣಿಸಿದ್ದೆ ಅಕ್ಕೋರೆ, ಎಲ್ಲೋ ತಪ್ಪಿರಬೇಕು ಎಂದಳು. ತಪ್ಪು ಗುರುತು ಹಾಕಿದ್ದಕ್ಕಿಂತ, ಬಾಯಿ ಮುಚ್ಚಿಕೊಂಡಿದ್ದಕ್ಕಿಂತ, ಆ ಬುದ್ಧಿ ಹೇಳಿದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಅಸಹ್ಯವಾಗುತ್ತದೆ.

ಜುಲೈನಲ್ಲಿ ತಂಡ ಏಷ್ಯಾದ ಕೂಟಕ್ಕೆ ಹೋಯಿತು. ಹೊರಗೆ ಸೋನೆ ಹಿಡಿದಿತ್ತು. ನಾನು ಫೋನಿನಲ್ಲಿ ಒಂದೂ ಪಂದ್ಯ ಬಿಡದೆ ನೋಡಿದೆ. ದೊಡ್ಡ ತಂಡಗಳ ಎದುರು ಸೋತದ್ದು ಯಾರಿಗೂ ಆಶ್ಚರ್ಯವಲ್ಲ. ಕೊನೆಯದೊಂದು ಪಂದ್ಯ ಗೆಲ್ಲಬೇಕಿತ್ತು, ಗೆದ್ದಿದ್ದರೆ ಮೇಲಿನ ವಿಭಾಗದಲ್ಲೇ ಉಳಿಯುತ್ತಿದ್ದರು. ಮೂರನೇ ಕ್ವಾರ್ಟರಿನಲ್ಲಿ ಚೆಂಡು ಒಯ್ಯುವ ನಮ್ಮ ಮುಖ್ಯ ಗಾರ್ಡಿನ ಕಾಲು ಉಳುಕಿತು. ಎದುರಾಳಿಗಳು ಅಂಗಳದ ತುಂಬ ಮುತ್ತಿಗೆ ಹಾಕಿದರು. ಚೆಂಡು ನಮ್ಮವರ ಕೈಯಿಂದ ಅರ್ಧ ಗೆರೆ ದಾಟಲೇ ಇಲ್ಲ. ಶರಣುವಿನ ಜಾಗಕ್ಕೆ ಹೋದ ಹುಡುಗಿ ಅಳುತ್ತ ಆಡಿದಳು, ಅವಳದೇನು ತಪ್ಪು? ನಾಲ್ಕೈದು ಅಂಕದಲ್ಲಿ ಸೋತರು. ತಂಡದ ದಾಖಲೆಯ ಪುಟ ಈಗ ಯಾರು ಬೇಕಾದರೂ ಫೋನಿನಲ್ಲಿ ತೆಗೆದು ನೋಡಬಹುದು. ಆ ವರ್ಷದ ಎದುರು ಒಂದು ಸಾಲು: ಕೆಳಗಿನ ವಿಭಾಗಕ್ಕೆ. ಅದನ್ನು ಓದಿದವರು ನಮ್ಮ ಹೆಣ್ಣುಮಕ್ಕಳು ಗಿಡ್ಡ, ಅದಕ್ಕೇ ಸೋತರು ಅಂದುಕೊಳ್ಳುತ್ತಾರೆ. ಶರಣು ಇದ್ದಿದ್ದರೆ ಗೆಲ್ಲುತ್ತಿದ್ದರು ಎಂದು ನಾನು ಹೇಳಲಾರೆ. ಆದರೆ ಆ ಸಾಲಿನಲ್ಲಿ ನನ್ನ ಪೆನ್ನಿನ ಗೀಟೂ ಇದೆ ಎಂದು ನನಗೊಬ್ಬಳಿಗೆ ಗೊತ್ತು.

ಶಿಫಾರಸು ಬಂತು. ಎರಡು ಅಂತರರಾಷ್ಟ್ರೀಯ ಪಂದ್ಯಗಳ ಮೇಜಿಗೆ ಕೂತೆ. ಆ ಚಳಿಗಾಲದಲ್ಲಿ ರಾಜ್ಯದ ಪಂದ್ಯಾವಳಿಯಲ್ಲಿ ಶರಣು ಆಡುವುದನ್ನು ದೂರದಿಂದ ನೋಡಿದೆ. ಎದುರಾಳಿ ಪಕ್ಕದಲ್ಲೇ ಹಾದುಹೋದರೂ ಅವಳು ಕೈ ಚಾಚಲಿಲ್ಲ. ಎರಡೂ ಕೈ ಬೆನ್ನ ಹತ್ತಿರ ಇಟ್ಟುಕೊಂಡು ಓಡುತ್ತಿದ್ದಳು. ಮಾರನೆಯ ವರ್ಷ ಅವಳನ್ನು ರಾಜ್ಯದ ತಂಡಕ್ಕೂ ಕರೆಯಲಿಲ್ಲ. ಆಮೇಲೆ ಮೇಜಿಗೆ ಕೂರುವುದನ್ನು ನಾನೂ ಬಿಟ್ಟೆ. ಕಣ್ಣು ಮಂಜು ಎಂದು ಎಲ್ಲರಿಗೂ ಹೇಳಿದೆ.

ಬಾಲ್ಕನಿಯ ಗೋಡೆಗೆ ಅಂಟಿಕೊಂಡು ಇದೆಲ್ಲ ನೆನಪಾಗಿ, ಇನ್ನು ಈ ಮನೆಯಿಂದ ಕಳ್ಳಹೆಜ್ಜೆಯಲ್ಲಿ ಹೋದರೆ ನನ್ನ ಜನ್ಮಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು. ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದೆ.

ಶರಣು ಗುರುತು ಹಿಡಿದವಳೇ ಓಡಿಬಂದು ಕಾಲು ಮುಟ್ಟಿದಳು. ಮಕ್ಕಳನ್ನು ಕರೆದು, ಈ ಮೇಡಂ ಬರೆದ ಹಾಳೆಯಲ್ಲಿ ಒಂದೂ ತಪ್ಪು ಇರುತ್ತಿರಲಿಲ್ಲ ಎಂದು ತೆಲುಗಿನಲ್ಲಿ ಹೇಳಿದಳು. ನಾನು ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದು, ನಿಂತಲ್ಲೇ ಎಲ್ಲ ಹೇಳಿದೆ. ಮುಷ್ಟಿ, ಹದಿನಾಲ್ಕು, ವಿಡಿಯೋ, ಒಂದೂ ಬಿಡಲಿಲ್ಲ. ಅವಳು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿದಳು.

"ಟಿಫಿನ್ ಸೆಂಟರಿನ್ಯಾಗ ಎಣಿಸ್ಕೋತ ಆಡು ಅಂದ್ರಿ. ಆವಾಗ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದಳು.

ಇಲ್ಲ, ಆಮೇಲೆ ಗೊತ್ತಾಯಿತು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಗೊತ್ತಿತ್ತವ್ವ" ಎಂದೆ.

ಅವಳು ಮಕ್ಕಳನ್ನು ಮನೆಗೆ ಕಳಿಸಿ, ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬಿ ಕಟ್ಟಿದಳು. ಬರ್ರಿ, ಅವ್ವಗ ನೀವೇ ಹೇಳಬೇಕು ಎಂದಳು. ಎರಡು ಬೀದಿ ಆಚೆ ಅವರ ಮನೆ. ದಾರಿಯಲ್ಲಿ ನನ್ನ ಕಡೆ ನೋಡದೆ ಅವಳು ಹೇಳಿದ್ದಿಷ್ಟು. ಪಂದ್ಯ ಮುಗಿದ ಸಂಜೆ ಬಸ್ಸಿನಲ್ಲಿ ಮಿಯಾಪುರದವರೆಗೂ ಅವ್ವ ನಾಕೇ ಅದಾವ, ನಾಕೇ ಅದಾವ ಎಂದು ಒಂದೇ ಸಮನೆ ಹೇಳುತ್ತಿದ್ದಳಂತೆ. ಇವಳು ಸಿಟ್ಟಿಗೆದ್ದು, ಬಾಯಿ ಮುಚ್ಚು, ನಿನಗೇನು ತಿಳಿಯುತ್ತದೆ, ಮಂದಿಯ ಮುಂದೆ ನನ್ನ ಮರ್ಯಾದೆ ತೆಗೆದೆ ಎಂದು ಎಲ್ಲರೆದುರು ಬೈದಳಂತೆ. ದೇವಮ್ಮ ಅದರ ನಂತರ ಮಗಳ ಆಟ ನೋಡಲು ಎಂದೂ ಬರಲಿಲ್ಲ.

ದೇವಮ್ಮ ಹೊಸ್ತಿಲ ಒಳಗೆ ಕೂತು ಪುಂಡಿಪಲ್ಯದ ಸೊಪ್ಪಿನ ಎಲೆ ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳು ಯಾರೆಂದು ಹೇಳುವ ಮೊದಲೇ ನನ್ನ ಗುರುತು ಹಿಡಿದಳು.

"ಅವತ್ತ ನನ್ನ ಮಗಳಿಗೆ ಕರಕೊಂಡು ಹೋಗಿ ಉಣಿಸಿದ್ರಲ್ರಿ, ಆ ಅಕ್ಕೋರು ಹೌದಿಲ್ರಿ? ಈ ಊರಾಗ ನಮಗ ಅಷ್ಟು ಮಾಡಿದವ್ರು ನೀವೊಬ್ರೇ" ಎಂದು ಕೈ ಮುಗಿದಳು.

ಶರಣು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ. "ದೇವಮ್ಮ, ನೀವು ಎಣಿಸಿದ್ದೇ ಖರೆ ಇತ್ತು. ನಾಕೇ ಇದ್ವು. ತಪ್ಪು ನಾ ಬರದಿದ್ದೆ. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ."

ಎಲೆ ಬಿಡಿಸುತ್ತಿದ್ದ ಕೈ ನಿಂತಿತು. ಬೈಯಲಿ ಎಂದು ಕಾದೆ. ಅವಳು ನನ್ನನ್ನು ನೋಡಲೇ ಇಲ್ಲ. ಬಾಗಿಲ ಕಡೆಗೆ ತಿರುಗಿ ಮಗಳ ಮುಖ ನೋಡಿದಳು.

"ಕೇಳಿದೇನ?" ಎಂದಳು.

"ಕೇಳಿದೆ ಯವ್ವ" ಎಂದಳು ಶರಣು. ಬಂದು ತಾಯಿಯ ಪಕ್ಕದಲ್ಲಿ ನೆಲಕ್ಕೆ ಕೂತು, ಸೊಪ್ಪಿನ ಕಟ್ಟಿನಿಂದ ಒಂದು ಹಿಡಿ ಎಳೆದುಕೊಂಡು ಎಲೆ ಬಿಡಿಸತೊಡಗಿದಳು. ನನಗೆ ಕೂಡ್ರಿ ಎಂದು ಇಬ್ಬರೂ ಅನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ನಾನು ಹೊಸ್ತಿಲ ಹೊರಗೆ ನಿಂತೇ ಇದ್ದೆ.